ಸದ್ದು ಮಾಡದ ಹೊದಿಕೆ

ಮೊದಲು ಸಾಯುವುದು ದಾರ, ಬಟ್ಟೆಯಲ್ಲ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಪುಟ್ಟ ಟ್ರೇಲರ್ ಮನೆಯನ್ನು ಜನ ಆಸೆಪಟ್ಟು ಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಸುತ್ತಿ ಬಂದು, ಉಳಿದ ದಿನವೆಲ್ಲ ಬಯಲಲ್ಲಿ ನಿಲ್ಲಿಸಿ ಮರೆತುಬಿಡುತ್ತಾರೆ. ಆಮೇಲೆ ನನ್ನ ಅಂಗಡಿಗೆ ಬಂದು, "ಗಟ್ಟಿಯಾಗಿರೋ ಕವರ್ ಹೊಲಿದುಕೊಡಿ ಮೇಡಂ" ಎಂದು ಬದನೆಕಾಯಿ ಆರಿಸುವವರ ಹಾಗೆ ಬಟ್ಟೆಯನ್ನು ಹಿಸುಕಿ ನೋಡುತ್ತಾರೆ. ಹೊಲಿಗೆಯನ್ನು ಒಬ್ಬರೂ ನೋಡುವುದಿಲ್ಲ. ಅಗ್ಗದ ದಾರ ಬಿಸಿಲು ಕುಡಿದು ಪುಡಿಯಾದಾಗ, ಬಟ್ಟೆ ಎಷ್ಟೇ ಗಟ್ಟಿಯಿದ್ದರೂ ಹೊದಿಕೆ ಹೋಳು ಹೋಳಾಗಿ ಜಾರಿ ಬೀಳುತ್ತದೆ. ನಾನು ಅಂಥ ದಾರವನ್ನು ಅಂಗಡಿಯೊಳಕ್ಕೆ ಬಿಟ್ಟುಕೊಂಡವಳಲ್ಲ.

ಬಿಸಿಲಿಗಿಂತ ಗಾಳಿ ದೊಡ್ಡ ಕೊಲೆಗಾರ. ಸಡಿಲ ಬಿಟ್ಟ ಹೊದಿಕೆ ದಿನವಿಡೀ ಪಟಪಟ ಬಡಿದುಕೊಂಡು ತನ್ನ ಮೂಲೆಗಳನ್ನು ತಾನೇ ತಿಂದುಹಾಕುತ್ತದೆ, ಒಳಗಿನ ಟ್ರೇಲರಿನ ಬಣ್ಣವನ್ನೂ ಉಜ್ಜಿ ತೆಗೆಯುತ್ತದೆ. ಅದಕ್ಕೇ ಮೂಲೆಗಳಿಗೆ ಹಳೇ ಕಂಬಳಿಯ ತುಂಡು ಇಟ್ಟು, ಟ್ರೇಲರಿನ ಹೊಟ್ಟೆಯಡಿಯಿಂದ ಬೆಲ್ಟ್ ಹಾಯಿಸಿ, ಅಂಗೈಯಿಂದ ತಟ್ಟಿದರೆ ಟಣ್ ಅನ್ನುವ ಹಾಗೆ ಬಿಗಿಯಬೇಕು. ಈ ಕೆಲಸ ನನ್ನ ಕೈಗೆ ಎಷ್ಟು ಅಂಟಿದೆಯೆಂದರೆ, ಗುರುತು ಪರಿಚಯವಿಲ್ಲದವರ ಟ್ರೇಲರಿನ ಬೆಲ್ಟ್ ಜೋತುಬಿದ್ದಿದ್ದರೂ ನಿಂತು ಎಳೆದು ಬಿಗಿದು ಮುಂದೆ ಹೋಗುತ್ತೇನೆ. ಹುಚ್ಚಿ ಅಂದುಕೊಳ್ಳಿ, ಪರವಾಗಿಲ್ಲ.

ನನ್ನ ತಂಗಿಯ ಗಂಡ ನನ್ನ ಅಂಗಡಿಯಲ್ಲೇ ಫಿಟ್ಟರ್ ಆಗಿದ್ದ. ನಾನು ಹೊಲಿದದ್ದನ್ನು ಅವನು ಟ್ರೇಲರುಗಳನ್ನು ನಿಲ್ಲಿಸುವ ಯಾರ್ಡಿಗೆ ಒಯ್ದು ಅವುಗಳಿಗೆ ತೊಡಿಸಿ ಬರುತ್ತಿದ್ದ. ಕೆಲಸದಲ್ಲಿ ಅವನನ್ನು ಬೈಯಲು ಏನೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. ದೂರದಿಂದ ಒಂದು ಹೊದಿಕೆಯನ್ನು ನೋಡಿ ಅದಕ್ಕೆ ಎಷ್ಟು ಬೇಸಿಗೆ ಕಳೆದಿವೆ ಎಂದು ಹೇಳುತ್ತಿದ್ದ. ಗಿರಾಕಿಗಳ ಮುಂದೆ ಅವನ ಮಾತು ಬೆಣ್ಣೆ. ಮನೆಗೆ ಹೋದರೆ ತಂಗಿಯ ಮೈಮೇಲೆ ಅವನ ಕೈ. ಅವಳು ಬಾಗಿಲು ಬಡಿಯಿತು, ಮೆಟ್ಟಿಲು ಜಾರಿತು ಅಂತ ಕತೆ ಕಟ್ಟುತ್ತಿದ್ದಳು. ಆ ಮನೆಯ ಬಾಗಿಲಿಗೆ ಅಷ್ಟೊಂದು ಹೊಟ್ಟೆಕಿಚ್ಚು ಯಾಕೆ ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. ಅವಳು ನಕ್ಕಳು, ನಕ್ಕವಳ ತುಟಿ ಒಡೆದು ರಕ್ತ ಬಂತು.

ಕೊನೆಗೆ ಅದು ನನ್ನ ಕಣ್ಣೆದುರೇ ಆಯಿತು. ಊಟದ ಡಬ್ಬಿ ತರಲು ತಡ ಮಾಡಿದಳು ಎಂಬ ಒಂದೇ ಕಾರಣಕ್ಕೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳ ಎಡಗೈ ಒತ್ತಿ ಹಿಡಿದು, ಕಬ್ಬಿಣದ ಅಳತೆಪಟ್ಟಿಯಿಂದ ಬಾರಿಸಿದ. ಮುಂಗೈ ಮೂಳೆ ಮುರಿದ ಸದ್ದು ಮಿಷಿನ್ನುಗಳ ಸದ್ದಿನ ನಡುವೆಯೂ ಕೇಳಿಸಿತು. ನಾನು ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಬೆನ್ನಿಗೆ ಇಟ್ಟೆ. ಚರ್ಮ ಸುಟ್ಟ ವಾಸನೆ ಬಂತು, ನನಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ.

ಪೊಲೀಸರು ಅವನನ್ನು ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ಕಳಿಸಿದರು. "ಮನೆ ಜಗಳ, ಕೂತು ಮಾತಾಡಿ ಸರಿಮಾಡ್ಕೊಳ್ಳಿ" ಅಂದರು. ಅವನು ಕೂತು ಮಾತಾಡಲಿಲ್ಲ. ತಂಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಅಂಗಡಿಯ ಗಾಜು ಒಡೆದು ಒಳಗೆ ಬಂದ, ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ.

"ಅತ್ತಿಗೆ, ನಿಮ್ಮ ಮೇಲೆ ನನಗೆ ಗೌರವ ಇದೆ" ಅಂದ. ಅವನ ಹೆಬ್ಬೆರಳು ನನ್ನ ಗಂಟಲ ಗುಳಿಯಲ್ಲಿತ್ತು. "ಅದಕ್ಕೇ ಮೊದಲೇ ಹೇಳ್ತಿದ್ದೀನಿ. ಅವಳನ್ನ ವಾಪಸ್ ಕಳಿಸಿ. ಕಳಿಸಲ್ಲ ಅಂದ್ರೆ ಎಲ್ಲಿದ್ರೂ ಹುಡುಕಿ ಕೊಲ್ತೀನಿ. ತಮಾಷೆ ಅಂದ್ಕೋಬೇಡಿ."

ನಾನು ತಮಾಷೆ ಅಂದುಕೊಳ್ಳಲಿಲ್ಲ. ಅವನ ಕಣ್ಣು ನೋಡಿದ್ದೆ. ತಂಗಿ ಅವನ ಕೈಗೆ ಸಿಕ್ಕರೆ ಬದುಕುವುದಿಲ್ಲ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಅಣ್ಣನಿಗೆ ಫೋನ್ ಮಾಡಿದೆ. ಅವನು ಲಾರಿ ಓಡಿಸುವವನು, ದೂರದ ಊರಿನಲ್ಲಿರುತ್ತಾನೆ. "ನಾಳೆ ಮಧ್ಯಾಹ್ನದೊಳಗೆ ಬರ್ತೀನಿ, ಅಲ್ಲಿ ತನಕ ಅವಳನ್ನ ಎಲ್ಲಾದ್ರೂ ಮುಚ್ಚಿಡು" ಅಂದ. ಎಲ್ಲಿ ಮುಚ್ಚಿಡಲಿ? ನಮ್ಮ ನೆಂಟರ ಮನೆಗಳೆಲ್ಲ ಅವನಿಗೆ ಗೊತ್ತು. ಮುಚ್ಚಿಡುವುದು ಅಂದ ತಕ್ಷಣ ನನ್ನ ತಲೆಗೆ ಬಂದದ್ದು ಯಾರ್ಡು. ಊರಾಚೆಯ ಬಯಲಿನಲ್ಲಿ ಸಾಲು ಸಾಲಾಗಿ ಟ್ರೇಲರುಗಳು, ಎಲ್ಲಕ್ಕೂ ಹೊದಿಕೆ. ಕೊನೆಯ ಸಾಲಿನಲ್ಲಿ ನನ್ನದೇ ಒಂದು ಹಳೇ ಟ್ರೇಲರ್ ನಿಂತಿತ್ತು. ಅದು ನನ್ನದೆಂದು ಅವನಿಗೆ ಗೊತ್ತಿರಲಿಲ್ಲ. ಅಣ್ಣ ಬಂದರೆ ಅವಳ ಸಮೇತ ಅದನ್ನೇ ಲಾರಿಗೆ ಕಟ್ಟಿಕೊಂಡು ಹೋಗಬಹುದಿತ್ತು.

ಹೊದಿಕೆಯನ್ನು ಆರಿಸಿದ್ದು ನಾನು, ಆ ವಿಷಯದಲ್ಲಿ ನನಗೆ ಹೆಮ್ಮೆಯೇ ಇತ್ತು. ತನ್ನ ಟ್ರೇಲರನ್ನು ಮಾರಿದ ಗಿರಾಕಿಯೊಬ್ಬ ತಿರುಗಿ ಕೊಟ್ಟುಹೋಗಿದ್ದ ಹಳೇ ಹೊದಿಕೆ ಅದು. ತಂಗಿಯ ಗಂಡ ನಮ್ಮಲ್ಲಿಗೆ ಬರುವ ಮುಂಚೆ ಹೊಲಿದದ್ದು. ಬಿಸಿಲಿಗೆ ಬಣ್ಣವೆಲ್ಲ ಹೋಗಿ, ಮೇಲೆ ಹಕ್ಕಿಯ ಹಿಕ್ಕೆ, ಅಂಚಿಗೆ ಪಾಚಿ. ನೋಡಿದರೆ ತಿಪ್ಪೆಗೆ ಎಸೆಯುವ ಚಿಂದಿ. ಆದರೆ ಉಸಿರಾಡುವ ಮೂರು ಪದರದ ಬಟ್ಟೆ, ಎಳೆದರೆ ಜಗ್ಗುವುದಿಲ್ಲ. ಹೊಲಿಗೆಗಳನ್ನು ಮಾತ್ರ ಕಡಲಲ್ಲಿ ಹಾಯಿಗೆ ಹಾಕುವ ದಾರದಿಂದ ಹೊಸದಾಗಿ ಹೊಲಿದೆ. ಸತ್ತ ದಾರದ ಹೊದಿಕೆಯಡಿ ನನ್ನ ತಂಗಿಯನ್ನು ಮಲಗಿಸಲು ನನಗೆ ಮನಸ್ಸು ಬರಲಿಲ್ಲ.

ಅವಳು ನೀರು, ಬ್ರೆಡ್ಡು, ಒಂದು ಬಕೆಟ್ಟು ಹಿಡಿದು ಒಳಗೆ ಹೋದಳು. ಮುರಿದ ಕೈಗೆ ಆಸ್ಪತ್ರೆಯವರು ಹಾಕಿದ ಬಿಳಿ ಕಟ್ಟು ಇತ್ತು.

"ತುಂಬಾ ಬಿಗೀಬೇಡ ಅಕ್ಕ, ಉಸಿರು ಕಟ್ಟುತ್ತೆ" ಅಂದಳು.

"ನಿನ್ನ ಗಂಡನ ಜೊತೆ ಇಷ್ಟು ವರ್ಷ ಉಸಿರಾಡಿದ್ದೀಯ, ಇದೇನು ಮಹಾ" ಅಂದೆ. ಅವಳು ಮುಖ ಊದಿಸಿಕೊಂಡು ಬಾಗಿಲು ಎಳೆದುಕೊಂಡಳು. ನಾನು ಹೊದಿಕೆ ಇಳಿಸಿ, ಜಿಪ್ ಎಳೆದು, ಬೆಲ್ಟುಗಳನ್ನು ಕಟ್ಟಿ ಬಂದೆ.

ಮಾರನೆಯ ದಿನ ಬೆಳಗ್ಗೆಯಿಂದಲೇ ಗಾಳಿ ಎದ್ದಿತ್ತು. ಅಂಗಡಿಯ ಷಟರ್ ತಾನಾಗಿಯೇ ಗಡಗಡ ಅಲುಗುತ್ತಿತ್ತು. ನಾನು ಹೊಸ ಗಾಜು ಕೂರಿಸುತ್ತಿರುವಾಗ ಯಾರ್ಡಿನ ವಾಚ್‌ಮನ್ ತಾತನ ಫೋನ್ ಬಂತು. ಅವನ ಮಾತು ನೆಟ್ಟಗೆ ಹೊರಡುತ್ತಿರಲಿಲ್ಲ.

"ಅಮ್ಮಾ, ಬೇಗ ಬನ್ನಿ. ನಿಮ್ಮ ಫಿಟ್ಟರ್ ಬಂದವ್ನೆ. ನೀವು ನೆನ್ನೆ ಕವರಿನ ಚೀಲ ಹಿಡ್ಕೊಂಡು ಬಂದಿದ್ರಾ ಅಂತ ಕೇಳ್ದ. ಇಲ್ಲ ಅಂದೆ. ಹಲ್ಲು ಉದುರಿಸಿಬಿಟ್ಟ. ಆಮೇಲೆ... ಆಮೇಲೆ ಹೌದು ಅಂದೆ ಅಮ್ಮಾ. ಈಗ ಕವರೆಲ್ಲಾ ಕೊಯ್ತಾ ಬರ್ತಾವ್ನೆ."

ಪೊಲೀಸರಿಗೂ ಫೋನ್ ಮಾಡು ಎಂದು ಅವನಿಗೇ ಹೇಳಿ ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಏನು ಕಂಡೆ, ಯಾರಿಗೆ ಗುದ್ದಿದೆ, ಒಂದೂ ನೆನಪಿಲ್ಲ.

ಯಾರ್ಡಿನ ಗೇಟು ಹಾರು ಹೊಡೆದಿತ್ತು. ವಾಚ್‌ಮನ್ ತಾತ ತನ್ನ ಗೂಡಿನ ಮುಂದೆ ಬಾಯಿ ಹಿಡಿದುಕೊಂಡು ಕೂತಿದ್ದ, ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಮೊದಲ ಸಾಲುಗಳ ಟ್ರೇಲರುಗಳು ಬೆತ್ತಲೆ ನಿಂತಿದ್ದವು. ಹೊದಿಕೆಗಳು ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿ ಗಾಳಿಯಲ್ಲಿ ಒದ್ದಾಡುತ್ತಿದ್ದವು. ಟ್ರೇಲರುಗಳ ಕಾಲು ಇಳಿಸಲು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಒಂದು ನೆಲದಲ್ಲಿ ಬಿದ್ದಿತ್ತು. ಅದನ್ನೇ ಎತ್ತಿಕೊಂಡು ಓಡಿದೆ.

ಅವನು ನಡುವಿನ ಸಾಲಿನಲ್ಲಿದ್ದ. ಕೈಯಲ್ಲಿ ನಮ್ಮ ಅಂಗಡಿಯದೇ ಕೊಕ್ಕೆ ಚಾಕು, ಬೆಲ್ಟ್ ಕೊಯ್ಯಲು ಬಳಸುವುದು. ಒಂದು ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನು ಚಾಕು ತಾಗಿಸದೆ ಬರೀ ಕೈಯಿಂದ ಪರಪರ ಹರಿದ. ಒಳಗೆ ಬೆವೆತು ಕೊಳೆತ ವಾಸನೆ ಹೊರಬಂತು. ಕಿಟಕಿಗೆ ಮುಖವಿಟ್ಟು ನೋಡಿದ, ಬಾಗಿಲನ್ನು ಒದ್ದ, ಮುಂದಿನದಕ್ಕೆ ಹೋದ.

"ಬನ್ನಿ ಅತ್ತಿಗೆ, ಬನ್ನಿ" ಅಂದ, ನೆಂಟರನ್ನು ಕರೆಯುವ ಹಾಗೆ. "ಇದು ನೋಡಿ, ಅಗ್ಗದ ಮಾಲು. ಒಂದು ಬೇಸಿಗೆಗೇ ಹಪ್ಪಳ ಆಗಿದೆ. ನಿಮ್ಮ ಮಾತು ಕೇಳಿದ್ರೆ ಇವರಿಗೆ ಈ ಗತಿ ಬರ್ತಿತ್ತಾ?"

"ಅವಳು ಇಲ್ಲಿಲ್ಲ" ಅಂದೆ. "ರಾತ್ರಿನೇ ಅಣ್ಣ ಬಂದು ಕರ್ಕೊಂಡು ಹೋದ. ನೀನು ಪೊಲೀಸ್ ಬರೋ ಮುಂಚೆ ಇಲ್ಲಿಂದ ತೊಲಗು."

"ಸುಳ್ಳು ಹೇಳೋದು ನಿಮಗೆ ಬರಲ್ಲ ಅತ್ತಿಗೆ. ಗಿರಾಕಿ ಹತ್ರಾನೇ ಬರಲ್ಲ, ನನ್ನ ಹತ್ರ ಬರುತ್ತಾ?"

ಇನ್ನೊಂದು ಹೊದಿಕೆ ಸೀಳಿದ. ಮತ್ತೊಂದು. ನಾನು ಅವನ ಹಿಂದೆ ಹಿಂದೆಯೇ ಹೋದೆ, ಹೊಡೆಯಲು ಒಂದು ಸಂದು ಹುಡುಕುತ್ತ. ಅವನು ಚಾಕುವನ್ನು ನನ್ನ ಕಡೆಗೇ ತಿರುಗಿಸಿ ಹಿಡಿದಿದ್ದ. ಅಣ್ಣ ಬರುವುದು ಮಧ್ಯಾಹ್ನಕ್ಕೆ. ಪೊಲೀಸರು ಯಾವಾಗ ಬರುತ್ತಾರೋ ಅವರಿಗೇ ಗೊತ್ತಿಲ್ಲ. ಇವನು ಹೀಗೆ ಒಂದೊಂದನ್ನೇ ನೋಡಿಕೊಂಡು ಹೋದರೆ ಸಾಕಷ್ಟು ಹೊತ್ತು ಹಿಡಿಯುತ್ತದೆ, ಹೊತ್ತು ಸಿಕ್ಕಿದರೆ ಅವಳು ಬದುಕುತ್ತಾಳೆ. ಅದಕ್ಕೇ ಅವನನ್ನು ಬೈಯತೊಡಗಿದೆ. ಅವನ ಹುಟ್ಟು, ಗಂಡಸುತನ, ಕೆಲಸ, ಒಂದನ್ನೂ ಬಿಡಲಿಲ್ಲ. ಬೈಗುಳ ನನಗೆ ಸಲೀಸು, ಆ ಹೊತ್ತಿನಲ್ಲಂತೂ ಅಡಚಣೆಯಿಲ್ಲದೆ ಹರಿಯಿತು.

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೇರೇನನ್ನೋ ಕೇಳಿಸಿಕೊಳ್ಳುತ್ತಿದ್ದ. ಕತ್ತು ಓರೆ ಮಾಡಿ ನಿಂತಿದ್ದ.

ಯಾರ್ಡಿನ ತುಂಬ ಗಾಳಿ. ಸೀಳಿದ ಹೊದಿಕೆಗಳು, ಸೀಳದ ಹೊದಿಕೆಗಳು, ಎಲ್ಲವೂ ಬಡಿದುಕೊಳ್ಳುತ್ತಿದ್ದವು. ವರ್ಷಗಟ್ಟಲೆ ಯಾರೂ ಮುಟ್ಟದ ಕೊನೆಯ ಸಾಲಿನಲ್ಲಂತೂ ಜೋತ ಬೆಲ್ಟುಗಳು, ಉಬ್ಬುವ ಬಟ್ಟೆ, ಪಟಪಟ, ಪಟಪಟ. ಆ ಸಾಲಿನಲ್ಲಿ ಒಂದೇ ಒಂದು ಟ್ರೇಲರ್ ಮೌನವಾಗಿ ನಿಂತಿತ್ತು. ಮಾಸಿದ, ಪಾಚಿ ಹಿಡಿದ, ಹಕ್ಕಿಯ ಹಿಕ್ಕೆ ಮೆತ್ತಿದ ಹೊದಿಕೆ, ಒಂದು ಸುಕ್ಕೂ ಇಲ್ಲದ ಹಾಗೆ ಬಿಗಿದು ನಿಂತಿತ್ತು. ಮೂಲೆಗಳಿಗೆ ಕಂಬಳಿಯ ತುಂಡುಗಳನ್ನೂ ಇಟ್ಟಿದ್ದೆ. ಯಾವಾಗ ಇಟ್ಟೆ ಎಂದು ನನಗೇ ನೆನಪಿಲ್ಲ. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿದ್ದವು.

ಅವನು ನಕ್ಕ. 

"ಅಯ್ಯೋ ಅತ್ತಿಗೆ" ಅಂದ. "ಹಾಳು ಸುರಿಯೋ ಹಾಗೆ ಬಿಟ್ಟಿದ್ರೆ ನಾನು ಆ ಕಡೆ ತಿರುಗೀನೂ ನೋಡ್ತಿರಲಿಲ್ಲ. ನಿಮ್ಮ ಕೈ ಸುಮ್ಮನೆ ಇರಲ್ಲ ನೋಡಿ."

ಅವನು ಓಡಿದ. ನಾನೂ ಓಡಿದೆ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಬೀಸಿದೆ, ಅದು ಭುಜಕ್ಕೆ ಬಿತ್ತು. ಮೂಳೆ ಅಲುಗಿದ್ದು ನನ್ನ ಅಂಗೈಗೂ ತಿಳಿಯಿತು. ಅವನು ತಿರುಗಿ ಚಾಕು ಎಳೆದ. ನನ್ನ ಬಲ ಮುಂದೋಳು ಮೊಣಕೈವರೆಗೆ ಬಾಯಿ ಬಿಟ್ಟಿತು. ನೋವು ಗೊತ್ತಾಗಲಿಲ್ಲ, ಬಿಸಿ ಮಾತ್ರ ಗೊತ್ತಾಯಿತು. ಹ್ಯಾಂಡಲ್ ಜಾರಿ ಬಿತ್ತು. ಅವನು ನನ್ನ ಹೊಟ್ಟೆಗೆ ಒದ್ದ. ಬಿದ್ದಲ್ಲೇ ಅವನ ಕಾಲು ತಬ್ಬಿ, ಮೀನಖಂಡಕ್ಕೆ ಬಾಯಿ ಹಾಕಿ, ಪ್ಯಾಂಟಿನ ಸಮೇತ ಕಚ್ಚಿದೆ. ಅವನು ಕಿರುಚಿದ. ಇನ್ನೊಂದು ಕಾಲಿನಿಂದ ನನ್ನ ಮುಖಕ್ಕೆ ಒದ್ದಾಗ ನನ್ನ ಹಿಡಿತ ಬಿಟ್ಟುಹೋಯಿತು.

ಹೊದಿಕೆಯ ಮೇಲೆ ಅವನು ಚಾಕು ಹಾಕಿದ. ಮೂರು ಪದರದ ಬಟ್ಟೆ ಒಂದೇ ಸಲಕ್ಕೆ ಸೀಳುವಂಥದ್ದಲ್ಲ. ಒಂದು ಗೇಣು ಸೀಳಿ ಚಾಕು ಮೂಲೆಯ ಹೊಲಿಗೆಗೆ ಬಂದು ನಿಂತಿತು. ಅಲ್ಲಿ ಬಟ್ಟೆ ಮಡಿಚಿ ಮಡಿಚಿ ನಾಲ್ಕು ಸಾಲು ಹೊಲಿದಿದ್ದೆ. ಕೊಕ್ಕೆ ದಾರಗಳ ನಡುವೆ ಸಿಕ್ಕಿಕೊಂಡಿತು. ಅವನು ಹಿಂದಕ್ಕೆಳೆದ, ಮುಂದಕ್ಕೆ ನೂಕಿದ, ಕಾಲು ಕೊಟ್ಟು ಎಳೆದ. ಬರಲಿಲ್ಲ.

ಒಳಗಿನಿಂದ ಬಾಗಿಲು ಬಡಿಯುವ ಸದ್ದು. "ಅಕ್ಕಾ! ಅಕ್ಕಾ, ಅವನಾ?"

"ಒಳಗೇ ಇರು! ಚಿಲಕ ಹಾಕ್ಕೊ!" ಎಂದು ಕೂಗಿದೆ.

ಅವನು ಚಾಕು ಬಿಟ್ಟುಬಿಟ್ಟ. ಜೇಬಿನಿಂದ ಲೈಟರ್ ತೆಗೆದ. ಪ್ರತಿ ಫಿಟ್ಟರ್ ಜೇಬಿನಲ್ಲೂ ಲೈಟರ್ ಇರುತ್ತದೆ, ಬೆಲ್ಟಿನ ತುದಿ ಕೊಯ್ದ ಮೇಲೆ ಎಳೆ ಬಿಚ್ಚದಂತೆ ಕರಗಿಸಲು. ಗಾಳಿಗೆ ಬೆನ್ನು ಕೊಟ್ಟು, ಅಂಗೈ ಅಡ್ಡ ಹಿಡಿದು, ನಿಧಾನವಾಗಿ, ಕೆಲಸದಲ್ಲಿ ಮಾಡುವ ಹಾಗೆಯೇ, ಸೀಳಿದ ಅಂಚಿಗೆ ಬೆಂಕಿ ಇಟ್ಟ.

ಆ ಬಟ್ಟೆಗೆ ಬಿಸಿಲಾಗಲಿ ನೀರಾಗಲಿ ಏನೂ ಮಾಡಲಾರವು. ಬೆಂಕಿ ತಾಗಿದರೆ ಎಣ್ಣೆಯಂತೆ ಕರಗಿ ಉರಿಯುತ್ತದೆ. ಗಾಳಿಗೆ ಉರಿ ಹಿಂದಿನ ಗೋಡೆಯನ್ನು ಪೂರ್ತಿ ಹತ್ತಿತು, ಉರಿಯುವ ಹನಿಗಳು ಟಪಟಪ ನೆಲಕ್ಕೆ ಬಿದ್ದವು. ಒಳಗೆ ತಂಗಿ ಕೆಮ್ಮತೊಡಗಿದಳು. ಚಿಲಕ ತೆಗೆದು ಬಾಗಿಲು ತಳ್ಳಿದಳು. ಟ್ರೇಲರಿನ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದರ ಮೇಲೇ ನನ್ನ ಹೊದಿಕೆ, ಹೊದಿಕೆಯ ಮೇಲೆ ನನ್ನ ಬೆಲ್ಟು. ಬಾಗಿಲು ನಾಲ್ಕು ಬೆರಳು ತೆರೆದು ಬಟ್ಟೆಗೆ ಒತ್ತಿ ನಿಲ್ಲುತ್ತಿತ್ತು. ಅವಳು ಮೈಯೆಲ್ಲ ಹಾಕಿ ಗುದ್ದಿದಳು, ಬಟ್ಟೆ ಉಬ್ಬಿತು, ಹೊಲಿಗೆ ಜಗ್ಗಲಿಲ್ಲ. ಕಳಪೆ ದಾರ ಹಾಕಿದ್ದರೆ ಅವಳು ಒಂದೇ ಗುದ್ದಿಗೆ ಹೊರಗೆ ಬೀಳುತ್ತಿದ್ದಳು. ನನ್ನ ಕೆಲಸವನ್ನು ನಾನು ಜನ್ಮದಲ್ಲಿ ಮೊದಲ ಸಲ ಶಪಿಸಿದೆ.

ಬೆಲ್ಟಿನ ಬಕಲ್ ಬಿಚ್ಚಲು ಹೋದೆ. ಬಲಗೈ ಬೆರಳುಗಳು ಮಾತು ಕೇಳಲಿಲ್ಲ. ಹಿಂದಿನಿಂದ ಅವನು ನನ್ನ ಕತ್ತು ಹಿಡಿದ. "ನೋಡಿ ಅತ್ತಿಗೆ, ನೋಡಿ" ಎಂದು ಕಿವಿಯಲ್ಲಿ ಹೇಳುತ್ತಿದ್ದ. ತಲೆಯನ್ನು ಹಿಂದಕ್ಕೆ ಎತ್ತಿ ಬಲವಾಗಿ ಬಡಿದೆ, ಅವನ ಮೂಗು ಒಡೆಯಿತು. ಅವನು ಹಿಂದೆ ಸರಿದ ಅಷ್ಟು ಹೊತ್ತಿನಲ್ಲಿ ಮೂಲೆಗೆ ಧಾವಿಸಿ ಎಡಗೈಯಿಂದ ಚಾಕುವಿನ ಹಿಡಿ ಹಿಡಿದೆ. ಅವನು ನೇರ ಎಳೆದಿದ್ದ. ಕೊಕ್ಕೆ ಸಿಕ್ಕಿದರೆ ತಿರುಚಿ ತೆಗೆಯಬೇಕು. ಬಿಸಿ ಹಿಡಿ ಅಂಗೈಗೆ ಅಂಟಿತು, ಚರ್ಮ ಸುಲಿಯಿತು, ಚಾಕು ನನ್ನ ಕೈಗೆ ಬಂತು.

ಹೊಟ್ಟೆಯಡಿಯ ಬೆಲ್ಟುಗಳನ್ನು ಒಂದಾದ ಮೇಲೊಂದು ಕೊಯ್ದೆ. ಬಿಗಿದಿದ್ದ ಹೊದಿಕೆ ಒಮ್ಮೆಲೇ ಸಡಿಲವಾಯಿತು. ಅದನ್ನೇ ಕಾಯುತ್ತಿದ್ದಂತೆ ಗಾಳಿ ಅದರಡಿಗೆ ನುಗ್ಗಿ, ಇಡೀ ಹೊದಿಕೆಯನ್ನು ಟ್ರೇಲರಿನ ಮೇಲಿಂದ ಎತ್ತಿ ಆ ಕಡೆಗೆ ಎಸೆಯಿತು. ಅವನು ಆ ಕಡೆಯಿಂದಲೇ ಸುತ್ತು ಹಾಕಿ ಬಾಗಿಲಿಗೆ ಬರುತ್ತಿದ್ದ. ಉರಿಯುವ ಬಟ್ಟೆ ಅವನ ತಲೆಯಿಂದ ಮಂಡಿವರೆಗೆ ಸುತ್ತಿಕೊಂಡಿತು.

ಅವನ ಕಿರುಚಾಟವನ್ನು ವರ್ಣಿಸುವುದಿಲ್ಲ. ಅವನು ಸುತ್ತಿದ, ಬಿದ್ದ, ಹೊರಳಿದ. ಹೊರಳಿದಷ್ಟೂ ಬಟ್ಟೆ ಬಿಗಿಯಿತು, ಕರಗಿ ಮೈಗೆ ಅಂಟಿತು. "ಅತ್ತಿಗೆ, ಕೊಯ್ಯಿ! ಕೊಯ್ಯಿ!" ಎಂದು ಒಳಗಿನಿಂದ ಕೂಗಿದ. ಬಹುವಚನ ಮರೆತದ್ದು ಆವತ್ತು ಒಂದೇ ಸಲ. ಚಾಕು ನನ್ನ ಕೈಯಲ್ಲಿತ್ತು. ಎಲ್ಲಿ ಕೊಯ್ದರೆ ಬಟ್ಟೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ನಿಂತ ಜಾಗ ಬಿಟ್ಟು ಅಲ್ಲಾಡಲಿಲ್ಲ. ಅಲ್ಲಾಡುವ ಮನಸ್ಸೂ ಇರಲಿಲ್ಲ.

ತಂಗಿ ಕೆಮ್ಮುತ್ತ, ತೆವಳುತ್ತ ಮೆಟ್ಟಿಲಿಳಿದು ಬಂದಳು. ಮುಖವೆಲ್ಲ ಮಸಿ. ಬದುಕಿದ್ದಳು. ನನಗೆ ಅಳುವೋ ನಗುವೋ ಏನೋ ಒಂದು ಉಕ್ಕಿ ಬಂತು. ಅವಳು ನನ್ನನ್ನು ನೋಡಲಿಲ್ಲ, ನೆಲದ ಮೇಲೆ ಹೊರಳುವ ಅವನನ್ನು ನೋಡಿದಳು. ಒಂದು ಕ್ಷಣ ನಿಂತಳು. ಆಮೇಲೆ ಕಟ್ಟು ಹಾಕಿದ ಕೈಯನ್ನೂ ಮುಂದೆ ಚಾಚಿಕೊಂಡು ಅವನತ್ತ ಓಡಿದಳು.

"ಹೋಗ್ಬೇಡ!" ಅಂದೆ.

"ಸುಡ್ತಿದ್ದಾನೆ ಅಕ್ಕ! ಚಾಕು ಕೊಡು! ಯಾರಾದ್ರೂ ಸುಡೋದನ್ನ ಹೀಗೆ ನೋಡ್ತಾ ನಿಲ್ತಾರಾ? ಕೊಡು!"

ಅವಳು ಬಗ್ಗಿ ಉರಿಯುವ ಬಟ್ಟೆಗೆ ಕೈ ಹಾಕಿದಳು. ಅವನ ಒಂದು ಕೈ ಸೀಳಿನಿಂದ ಹೊರಬಂದು ಅವಳ ಸೆರಗನ್ನು ಹಿಡಿಯಿತು. ಬಿಡಿಸಿಕೊಳ್ಳಲು ಹಿಡಿಯಿತೋ, ಜೊತೆಗೆ ಎಳೆದುಕೊಳ್ಳಲು ಹಿಡಿಯಿತೋ, ನಾನು ಯೋಚಿಸಲಿಲ್ಲ. ಚಾಕು ದೂರ ಎಸೆದು, ಅವಳ ಜಡೆಗೆ ಕೈ ಹಾಕಿ, ಮುಷ್ಟಿಗೆ ಸುತ್ತಿಕೊಂಡು, ಹಿಂದಕ್ಕೆ ಎಳೆದೆ. ಸೆರಗು ಹರಿಯಿತು. ಅವಳು ಅಂಗಾತ ಬಿದ್ದಳು. ಮತ್ತೆ ಎದ್ದು ಹೋಗಲು ನೋಡಿದಳು. ಮತ್ತೆ ಜಡೆ ಹಿಡಿದು ನೆಲಕ್ಕೆ ಕೆಡವಿದೆ, ಎದೆಯ ಮೇಲೆ ಮಂಡಿ ಊರಿದೆ. ಅವಳು ನನ್ನ ಮುಖ ಪರಚಿದಳು. ಕೆನ್ನೆಗೆ ಬಾರಿಸಿದೆ. ಇನ್ನೊಂದು ಬಾರಿಸಿದೆ. "ಬಿದ್ದಿರು! ಅಲ್ಲೇ ಬಿದ್ದಿರು!" ಎಂದು ಕೂಗುತ್ತಿದ್ದದ್ದು ನನ್ನ ಬಾಯಿಯೇ.

ವಾಚ್‌ಮನ್ ತಾತ ನೀರಿನ ಪೈಪು ಎಳೆದುಕೊಂಡು ಬರುವ ಹೊತ್ತಿಗೆ ಆ ಕಡೆ ಸದ್ದು ನಿಂತಿತ್ತು. ನೀರು ಬಿದ್ದು ಚುಂಯ್ ಎಂದು ಹೊಗೆ ಎದ್ದಿತು. ತಾತ ಒಮ್ಮೆ ಬಗ್ಗಿ ನೋಡಿ, ತಲೆಯ ಮೇಲಿನ ಟೋಪಿ ತೆಗೆದು, ದೂರ ಹೋಗಿ ವಾಂತಿ ಮಾಡಿಕೊಂಡ.

ನಾನು ಮಂಡಿ ಎತ್ತಿದೆ. ಮುಗಿಯಿತು, ಅವನು ಇನ್ನು ಬರುವುದಿಲ್ಲ, ನನ್ನ ತಂಗಿ ನನಗೆ ಉಳಿದಳು ಎಂಬ ಒಂದೇ ಮಾತು ತಲೆಯಲ್ಲಿ ಓಡುತ್ತಿತ್ತು. ಅವಳ ಮುಖದ ಮಸಿಯ ಮೇಲೆ ಕಣ್ಣೀರು ಇಳಿದಿತ್ತು, ಅದನ್ನು ಒರೆಸಲೆಂದು ಕೈ ಎತ್ತಿದೆ.

ಅವಳು ಕಣ್ಣು ಮುಚ್ಚಿ, ಮುರಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು, ಮುದುಡಿಕೊಂಡಳು.

"ಹೊಡೀಬೇಡಿ" ಅಂದಳು. "ಮಾತು ಕೇಳ್ತೀನಿ. ಹೊಡೀಬೇಡಿ."

"ನಾನು ಕಣೇ. ಅಕ್ಕ" ಅಂದೆ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು, ನಾನೇ ಎಂದು ಗುರುತು ಹಿಡಿದಳು. ಕೈ ಮಾತ್ರ ಇಳಿಸಲಿಲ್ಲ.